ಮುದ್ದೆಗೂ ಮುಟ್ಟಿಗೂ ಏನು ನಂಟು?

ನನ್ನ ಅಕ್ಕನ ಮಗಳು ದಾವಣಗೆರೆಯ ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ. ಹೋದ ವರ್ಷ ಮೂರು ತಿಂಗಳು ಅವಳಿಗೆ ಡೇಟ್ ಆಗಲೇ ಇಲ್ಲ. ಗದ್ದದ ಮೇಲೆ ಕೂದಲು, ಮುಖದ ತುಂಬ ಮೊಡವೆ, ಕತ್ತಿನ ಹಿಂದೆ ಉಜ್ಜಿದರೂ ಹೋಗದ ಕಪ್ಪು. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಆದಮೇಲೆ ಪಿಸಿಓಡಿ, ಅಂದರೆ ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದರೆ ಅಂದರು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಜಗಳೂರಿನ ದೊಡ್ಡಮ್ಮ "ಅನ್ನ ಬಿಡು, ಮುದ್ದೆ ಉಣ್ಣು, ಎಲ್ಲಾ ಸರಿಹೋಗ್ತದೆ" ಅಂದರು. ಇನ್ಯಾರೋ ಹಾರ್ಮೋನ್ ಸರಿಮಾಡುವ ಸಿರಿಧಾನ್ಯದ ಪುಡಿ ಅಂತ ಒಂದು ಡಬ್ಬಿ ತಂದುಕೊಟ್ಟರು. ಅವಳು ನನ್ನ ಕೇಳಿದಳು: "ಚಿಕ್ಕಮ್ಮ, ಮುದ್ದೆಗೂ ಮುಟ್ಟಿಗೂ ನಿಜವಾಗ್ಲೂ ಸಂಬಂಧ ಇದೆಯಾ?"

ಇದೆ. ಆದರೆ ದೊಡ್ಡಮ್ಮ ಹೇಳಿದಷ್ಟು ನೇರವಾಗಿಲ್ಲ.

ಇನ್ಸುಲಿನ್ ಅಂದರೆ ಸಕ್ಕರೆ ಕಾಯಿಲೆಯವರ ವಿಷಯ ಅಂತ ನಾವು ಸುಮ್ನೆ ಇರುತ್ತೇವೆ, ಅಲ್ವಾ? ಆದರೆ ಅದೂ ಒಂದು ಹಾರ್ಮೋನ್. ಉಂಡಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಅದನ್ನು ಜೀವಕೋಶಗಳೊಳಗೆ ಕಳಿಸುವುದು ಇನ್ಸುಲಿನ್ ಕೆಲಸ. ಕೆಲವರ ದೇಹ ಇದರ ಮಾತು ಸರಿಯಾಗಿ ಕೇಳುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ. ಕತ್ತಿನ ಹಿಂದಿನ ಕಪ್ಪು ಹೆಚ್ಚಾಗಿ ಇದರದ್ದೇ ಗುರುತು, ಕೊಳೆಯಲ್ಲ, ಹುಡುಗಿಯರನ್ನು ಅದಕ್ಕೆ ದಯವಿಟ್ಟು ಬೈಯಬೇಡಿ. ಹೀಗೆ ಹೆಚ್ಚಾದ ಇನ್ಸುಲಿನ್ ಅಂಡಾಶಯಕ್ಕೆ ಹೋಗಿ, ಅಲ್ಲಿ ಟೆಸ್ಟೋಸ್ಟೆರಾನ್‌ನಂಥ ಗಂಡು ಹಾರ್ಮೋನುಗಳು ಜಾಸ್ತಿ ತಯಾರಾಗುವ ಹಾಗೆ ಮಾಡುತ್ತದೆ. ಇನ್ನೊಂದು ಕಡೆ ಲಿವರ್‌ನಲ್ಲಿ ಎಸ್‌ಎಚ್‌ಬಿಜಿ ಅನ್ನುವ ಪ್ರೋಟೀನ್ ಕಡಿಮೆಯಾಗುತ್ತದೆ. ಈ ಪ್ರೋಟೀನ್ ಇಂಥ ಹಾರ್ಮೋನುಗಳನ್ನು ಹಿಡಿದಿಟ್ಟುಕೊಳ್ಳುವಂಥದ್ದು, ಅದು ಕಡಿಮೆಯಾದರೆ ಅವು ರಕ್ತದಲ್ಲಿ ಬಿಡಿಯಾಗಿ ಓಡಾಡುತ್ತವೆ. ಅಂಡ ಬಲಿತು ಹೊರಬರುವುದು ನಿಲ್ಲುತ್ತದೆ, ಮುಟ್ಟು ಹಿಂದೆಮುಂದೆ ಆಗುತ್ತದೆ, ಮೊಡವೆ ಬರುತ್ತದೆ. ಪಿಸಿಓಡಿ ಇರುವ ಎಲ್ಲರಿಗೂ ಹೀಗೇ ಅಂತಿಲ್ಲ, ಆದರೆ ಬಹಳ ಜನರಿಗೆ ದಾರಿ ಇದೇ. ತೆಳ್ಳಗಿರುವವರಿಗೂ ಬರುತ್ತದೆ.

ಧಾನ್ಯದ ಮಾತು ಬರುವುದು ಇಲ್ಲಿ. ಭದ್ರಾ ನಾಲೆ ನೀರು ಬಂದಮೇಲೆ ದಾವಣಗೆರೆ, ಹರಿಹರದ ಕಡೆ ಭತ್ತದ ಗದ್ದೆ ಬಂತು, ಬಿಳಿ ಅನ್ನ ದಿನದ ಊಟವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ನೋಡಿದರೆ, 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ. ರಾಗಿಯಲ್ಲಿ ಸುಮಾರು 11, ಜೋಳದಲ್ಲಿ ಸುಮಾರು 10. ನಾರಿದ್ದರೆ ಸಕ್ಕರೆ ನಿಧಾನಕ್ಕೆ ಏರುತ್ತದೆ, ಇನ್ಸುಲಿನ್ ಒಂದೇ ಸಲಕ್ಕೆ ಚಿಮ್ಮುವುದಿಲ್ಲ.

ಅಷ್ಟಕ್ಕೇ ಮುದ್ದೆ ಗೆದ್ದಿತು ಅನ್ನಬೇಡಿ. ಕಾಳಿನ ಹೆಸರಿಗಿಂತ ಅದನ್ನು ಏನು ಮಾಡಿದ್ದೇವೆ ಅನ್ನುವುದು ಮುಖ್ಯ, ನಾನು ಹೇಳಬೇಕು ಅಂತಿರುವುದೇ ಇದು. ಗಿರಣಿಯಲ್ಲಿ ನುಣ್ಣಗೆ ಬೀಸಿದಷ್ಟೂ ಪಿಷ್ಟ ಬೇಗ ಕರಗುತ್ತದೆ, ಸಕ್ಕರೆ ಬೇಗ ಏರುತ್ತದೆ. ಅದೇ ಜೋಳ, ನುಚ್ಚು ಮಾಡಿ ಬೇಯಿಸಿ ಮಜ್ಜಿಗೆ ಹಾಕಿಕೊಂಡು ಉಂಡರೆ ಒಂದು ಥರ, ನುಣುಪು ಹಿಟ್ಟಾಗಿ ಒಳಗೆ ಹೋದರೆ ಇನ್ನೊಂದು ಥರ. ಬೆಲ್ಲ ಹಾಕಿದ ರಾಗಿ ಮಾಲ್ಟ್ ಕುಡಿದು ಒಳ್ಳೆಯದು ಮಾಡಿದೆ ಅಂದುಕೊಳ್ಳುವವರು ಬಹಳ ಜನ ಇದ್ದಾರೆ, ಆದರೆ ಅದು ಬೇಗ ಸಕ್ಕರೆ ಏರಿಸುವ ರೂಪ. ಪಾಕೆಟ್‌ನಲ್ಲಿ ಬರುವ ನವಣೆ, ಸಾವೆ ಅಕ್ಕಿಯ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದರೆ ತೌಡು ಹೋಗಿದೆ ಅಂತ ಅರ್ಥ, ಅದರ ಜೊತೆ ನಾರೂ ಹೋಗಿರುತ್ತದೆ. ದೊಡ್ಡ ಎರಡು ಮುದ್ದೆಗೆ ಬರೀ ತಿಳಿಸಾರಾದರೆ ಲಾಭ ಕಡಿಮೆ. ಒಂದು ಮುದ್ದೆ, ತಟ್ಟೆ ತುಂಬ ಸೊಪ್ಪು, ಹುರುಳಿಕಾಳಿನ ಸಾರು, ಇದು ಬೇರೆಯೇ ಊಟ. ಪಲ್ಯ, ಕಾಳು ಮೊದಲು ತಿಂದು ಆಮೇಲೆ ಅನ್ನವನ್ನೋ ಮುದ್ದೆಯನ್ನೋ ಉಂಡರೂ ಸಕ್ಕರೆ ಏರುವುದು ತಗ್ಗುತ್ತದೆ.

ನಾರಿಗೆ ಇನ್ನೊಂದು ಕೆಲಸವೂ ಇದೆ, ನನಗೆ ಬಹಳ ಬೆರಗು ತಂದದ್ದು ಅದು. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ತನ್ನ ಕೆಲಸ ಮುಗಿಸಿದ ಮೇಲೆ ಲಿವರ್ ಅದನ್ನು ಗಂಟುಕಟ್ಟಿ ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಕರುಳಿನ ಕೆಲವು ಬ್ಯಾಕ್ಟೀರಿಯಾ ಆ ಗಂಟು ಬಿಚ್ಚುತ್ತವೆ, ಈಸ್ಟ್ರೋಜನ್ ಮತ್ತೆ ರಕ್ತಕ್ಕೆ ಸೇರುತ್ತದೆ. ನಾರು ಜಾಸ್ತಿ ಇದ್ದರೆ ಹೊರಗೆ ಹೋಗುವ ಪಾಲು ಹೆಚ್ಚುತ್ತದೆ. ಅಮೆರಿಕದಲ್ಲಿ 1982ರಲ್ಲಿ ಹತ್ತು ಸಸ್ಯಾಹಾರಿ ಮತ್ತು ಹತ್ತು ಮಾಂಸಾಹಾರಿ ಹೆಂಗಸರನ್ನು ಹೋಲಿಸಿ ನೋಡಿದ್ದರು. ಸಸ್ಯಾಹಾರಿಗಳ ಮಲದಲ್ಲಿ ಈಸ್ಟ್ರೋಜನ್ ಹೆಚ್ಚು, ರಕ್ತದಲ್ಲಿ ಕಡಿಮೆ ಇತ್ತು. ಚಿಕ್ಕ ಅಧ್ಯಯನ, ಆದರೆ ಮುಂದಿನವರಿಗೆ ದಾರಿ ತೋರಿಸಿತು. 2009ರಲ್ಲಿ ಸುಮಾರು 250 ಹೆಂಗಸರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ನಾರು ಜಾಸ್ತಿ ತಿನ್ನುವವರಲ್ಲಿ ಹಾರ್ಮೋನ್ ಮಟ್ಟ ಇಳಿದು, ಅಂಡ ಬಿಡುಗಡೆಯಾಗದ ತಿಂಗಳುಗಳು ಹೆಚ್ಚು ಕಂಡವು. ಅಂದರೆ ಒಳ್ಳೆಯದು ಅಂತ ಗುಡ್ಡೆ ಹಾಕಿಕೊಂಡು ತಿನ್ನುವುದೂ ಬೇಡ.

ರಕ್ತ ಕಡಿಮೆ ಇರುವವರು ಇನ್ನೊಂದು ನೆನಪಿಡಬೇಕು. ಇಡೀ ಕಾಳಿನಲ್ಲಿ ಫೈಟೇಟ್ ಇರುತ್ತದೆ, ಅದು ಕಬ್ಬಿಣದ ಅಂಶ ದೇಹಕ್ಕೆ ಸೇರದ ಹಾಗೆ ಹಿಡಿದುಕೊಳ್ಳುತ್ತದೆ. ನೆನೆಸಿ ಮೊಳಕೆ ಕಟ್ಟಿದರೆ ಫೈಟೇಟ್ ತಗ್ಗುತ್ತದೆ, ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ, ಉಂಡ ಕೂಡಲೇ ಚಹಾ ಕುಡಿದರೆ ಸೇರುವುದು ಕಡಿಮೆಯಾಗುತ್ತದೆ. ಥೈರಾಯ್ಡ್ ಮಾತ್ರೆ ನುಂಗುವವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ, ರಾಗಿ ಗಂಜಿಗೆ ಅರ್ಧ ಮುಕ್ಕಾಲು ಗಂಟೆಯಾದರೂ ಬಿಡಬೇಕು. ಅಯೋಡಿನ್ ಕೊರತೆ ಇದ್ದು ದಿನಾ ಬರೀ ಸಜ್ಜೆಯನ್ನೇ ನಂಬಿದರೆ ಥೈರಾಯ್ಡ್‌ಗೆ ತೊಂದರೆ. ವಾರಕ್ಕೊಂದೆರಡು ಸಜ್ಜೆ ರೊಟ್ಟಿಗೆ ಹೆದರಬೇಕಿಲ್ಲ.

ಪಿಸಿಓಡಿಗೆ ಇದೇ ಆಹಾರ ಅಂತ ಒಂದು ಇಲ್ಲ. 2023ರ ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿಯೂ ಒಂದು ಪಥ್ಯ ಇನ್ನೊಂದಕ್ಕಿಂತ ಮೇಲು ಅನ್ನುವುದಕ್ಕೆ ಪುರಾವೆ ಇಲ್ಲ ಅಂದಿದೆ. ಬಹಳ ದಿನ ನಡೆಸಿಕೊಂಡು ಹೋಗುವಂಥ ಸಮತೋಲದ ಊಟ, ಓಡಾಟ, ಬೇಕಾದಾಗ ಔಷಧ. ಹಾಗಾಗಿ ಆ ಡಬ್ಬಿಯನ್ನು ವಾಪಸ್ ಕೊಡು ಅಂದೆ.

ಹಾಸ್ಟೆಲ್ ಅಡುಗೆ ಅವಳ ಕೈಯಲ್ಲಿಲ್ಲ. ಅನ್ನ ಒಂದು ಸೌಟು ಕಡಿಮೆ, ಪಲ್ಯ ಒಂದು ಸೌಟು ಜಾಸ್ತಿ ಹಾಕಿಸಿಕೊಳ್ಳುತ್ತಾಳೆ. ಸಂಜೆಯ ಮಂಡಕ್ಕಿ ಬಿಡು ಅಂತ ನಾನು ಹೇಳಲಿಲ್ಲ, ದಾವಣಗೆರೆಯಲ್ಲಿದ್ದುಕೊಂಡು ಅದು ಆಗುವ ಮಾತಲ್ಲ. ಮಂಡಕ್ಕಿಯೂ ಬೇಗ ಸಕ್ಕರೆ ಏರಿಸುವುದೇ. ಅದಕ್ಕೇ ಒಂದೇ ಹಿಡಿ ಮಂಡಕ್ಕಿಗೆ ಶೇಂಗಾ, ಮೊಳಕೆ ಹೆಸರುಕಾಳು, ಈರುಳ್ಳಿ, ನಿಂಬೆರಸ ಸೇರಿಸಿಕೊಳ್ಳುತ್ತಾಳೆ, ಮಿರ್ಚಿ ಭಾನುವಾರಕ್ಕೆ ಮಾತ್ರ. ಊರಿಗೆ ಹೋದಾಗ ದೊಡ್ಡಮ್ಮನ ಕೈಯಲ್ಲಿ ಜೋಳದ ನುಚ್ಚು. ಡಾಕ್ಟರ್ ಬರೆದುಕೊಟ್ಟ ಮಾತ್ರೆ ಬಿಟ್ಟಿಲ್ಲ. ಡೇಟ್ ಆದ ದಿನಕ್ಕೆಲ್ಲ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಿದ್ದಾಳೆ, ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಅದನ್ನೂ ತಗೊಂಡು ಹೋಗುತ್ತಾಳೆ.