ಬೇಸಿಗೆಯೆಲ್ಲ ಸುಮ್ಮನಿದ್ದ ಹೆದ್ದಾರಿ ಕೆಲಸ ಮೃಗಶಿರಾ ಮಳೆಯ ಹೊತ್ತಿಗೇ ಏಕೆ ಶುರುವಾಗುತ್ತದೆ?

ಪ್ರಶ್ನೆ: ನಮ್ಮೂರ ಮೇಲೆ ಹಾದುಹೋಗುವ ರಾಜ್ಯ ಹೆದ್ದಾರಿಯ ಅಗಲೀಕರಣಕ್ಕೆ ಗುದ್ದಲಿಪೂಜೆಯಾಗಿ ವರ್ಷ ಕಳೆಯಿತು. ದೀಪಾವಳಿಯಿಂದ ಯುಗಾದಿಯವರೆಗೆ ಒಂದು ಯಂತ್ರವೂ ಕಾಣಲಿಲ್ಲ. ಮೇ ತಿಂಗಳಲ್ಲಿ ಒಮ್ಮೆಲೇ ಬಂದು ರಸ್ತೆ ಪಕ್ಕದ ಗುಡ್ಡದ ಧರೆ ಕಡಿದು, ರಸ್ತೆ ಅಗೆದು ಹಾಕಿದರು. ಈಗ ಕೆಸರಿನಲ್ಲಿ ಬಸ್ಸು ಬರುತ್ತಿಲ್ಲ. ಮಲೆನಾಡಿನಲ್ಲಿ ಯಾವಾಗಲೂ ಹೀಗೇ ಏಕೆ? (ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಮಳೆಯಲ್ಲಿ ಕೊಚ್ಚಿಹೋದರೆ ಲೆಕ್ಕ ಕೇಳುವವರಿಲ್ಲ, ಅದಕ್ಕೇ ಹೀಗೆ ಮಾಡುತ್ತಾರೆ ಎಂಬುದು ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಉತ್ತರ. ಕೆಲವು ಕಡೆ ಅದು ನಿಜವೂ ಇರಬಹುದು. ಆದರೆ ದೊಡ್ಡ ಕಾರಣ ಇನ್ನೊಂದಿದೆ: ಸರ್ಕಾರದ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ, ಮಲೆನಾಡಿನ ರಸ್ತೆ ಕೆಲಸದ ವರ್ಷ ಆರಂಭವಾಗುವುದು ನವೆಂಬರ್‌ನಲ್ಲಿ.

ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಬಜೆಟ್ ಮಂಡನೆಯಾದ ಮೇಲೆ ಕ್ರಿಯಾ ಯೋಜನೆ, ಅಂದಾಜುಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಂದು ಕಡತ ಒಂದೊಂದೇ ಮೆಟ್ಟಿಲು ಹತ್ತಬೇಕು. ನಡುವೆ ಯಾವುದಾದರೂ ಚುನಾವಣೆಯ ನೀತಿ ಸಂಹಿತೆ ಬಂದರೆ ಎಲ್ಲವೂ ನಿಂತಲ್ಲೇ ನಿಲ್ಲುತ್ತದೆ. ಕಾರ್ಯಾದೇಶ ಕೈಸೇರಿದ ಮೇಲೆ ಮರಗಳ ಎಣಿಕೆ, ವಿದ್ಯುತ್ ಕಂಬಗಳ ಸ್ಥಳಾಂತರ, ಕುಡಿಯುವ ನೀರಿನ ಪೈಪುಗಳ ಬದಲಾವಣೆ ಶುರುವಾಗುತ್ತವೆ. ಇವೆಲ್ಲ ಮುಗಿದು ಯಂತ್ರ ಇಳಿಯುವಾಗ ಮಾವಿನಹಣ್ಣಿನ ಕಾಲ ಬಂದಿರುತ್ತದೆ.

ಹದಿನೆಂಟು ತಿಂಗಳ ಅವಧಿಯ ಒಂದು ಗುತ್ತಿಗೆಯನ್ನೇ ತೆಗೆದುಕೊಳ್ಳಿ. ನವೆಂಬರ್ ಒಂದರಂದು ಆರಂಭವಾದರೆ ಮೊದಲ ಮೇ ಕೊನೆಯವರೆಗೆ 7 ತಿಂಗಳು, ಮಳೆಗಾಲ ಕಳೆದು ಮರು ಏಪ್ರಿಲ್‌ವರೆಗೆ 6 ತಿಂಗಳು, ಒಟ್ಟು 13 ಒಣ ತಿಂಗಳುಗಳು ಸಿಗುತ್ತವೆ. ಅದೇ ಗುತ್ತಿಗೆ ಮೇ ಒಂದರಂದು ಆರಂಭವಾದರೆ ಎರಡು ಮಳೆಗಾಲಗಳು ಒಳಗೆ ಸೇರಿಕೊಳ್ಳುವುದರಿಂದ ಸಿಗುವುದು 8 ತಿಂಗಳು ಮಾತ್ರ. ಕಾಗದದ ಮೇಲೆ ಎರಡೂ ಒಂದೇ ಅವಧಿ. ಮೇನಲ್ಲಿ ಕೆಲಸ ಹಿಡಿದವನು ಮೊದಲ ದಿನವೇ ಐದು ತಿಂಗಳು ಹಿಂದೆ ಬಿದ್ದಿರುತ್ತಾನೆ, ಹಾಗಾಗಿ ಸಿಕ್ಕಷ್ಟು ಮಣ್ಣು ಕಡಿದು ಪ್ರಗತಿ ತೋರಿಸುವ ಅವಸರಕ್ಕೆ ಬೀಳುತ್ತಾನೆ. ನಿಮ್ಮೂರಿನಲ್ಲಿ ಆಗಿದ್ದು ಬಹುಶಃ ಇದೇ. ಇಡೀ ಜಿಲ್ಲೆಗೆ ಒಂದೇ ಅಳತೆ ಹಿಡಿಯುವುದೂ ಕಷ್ಟ: ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬಿದ್ದರೆ, ಭದ್ರಾವತಿಯ ಕಡೆ ಅದರ ಕಾಲುಭಾಗವೂ ಬೀಳುವುದಿಲ್ಲ.

ಒಣ ಹವೆ ಏಕೆ ಅಷ್ಟು ಮುಖ್ಯ ಎಂದರೆ, ಡಾಂಬರು ಮಿಶ್ರಣ ಬಿಸಿಯ ಮೇಲೆ ನಿಂತಿರುವ ವಸ್ತು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಪ್ಲಾಂಟಿನಲ್ಲಿ 150ರಿಂದ 165 ಡಿಗ್ರಿ ಇರಬೇಕು, ರಸ್ತೆಯ ಮೇಲೆ ಹಾಸುವಾಗ 140ಕ್ಕಿಂತ ಕಡಿಮೆಯಾಗಬಾರದು, ರೋಲರ್ ಓಡಿಸುವ ಕೆಲಸ 90 ಡಿಗ್ರಿಗೆ ಇಳಿಯುವುದರೊಳಗೆ ಮುಗಿಯಬೇಕು ಎಂಬುದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆ. ಒಂದು ಏಪ್ರಿಲ್ ಸಂಜೆ ಗುಡುಗು ಮಳೆಯ ನಾಲ್ಕು ಹನಿ ಬಿದ್ದಾಗ, ಟಾರ್ಪಾಲು ಸರಿಸಿದ ಟಿಪ್ಪರಿನೊಳಗೆ ಎಂಜಿನಿಯರ್ ಥರ್ಮಾಮೀಟರ್ ಚುಚ್ಚಿ ನೋಡಿ, 120ರ ಆಸುಪಾಸಿನಲ್ಲಿದ್ದ ಎರಡು ಲೋಡನ್ನು ಹಿಂದಕ್ಕೆ ಕಳಿಸಿದ್ದನ್ನು ನೋಡಿದ್ದೇನೆ. ಮೇಸ್ತ್ರಿಯ ಮುಖ ಸಣ್ಣದಾಯಿತು. ಆ ಲೋಡು ಹಾಸಿದ್ದರೆ ನೋಡಲು ಕಪ್ಪಗೆ ಚೆನ್ನಾಗಿಯೇ ಇರುತ್ತಿತ್ತು. ಪುನರ್ವಸು ಮಳೆಗೆ ಜಲ್ಲಿ ಎದ್ದು ಬರುತ್ತಿತ್ತು.

ಇನ್ನು ಧರೆ. ನಮ್ಮ ಗುಡ್ಡಗಳಲ್ಲಿ ಅನೇಕ ಕಡೆ ಮೇಲೆ ಗಟ್ಟಿ ಜಂಬಿಟ್ಟಿಗೆ ಇರುತ್ತದೆ, ಅದರ ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಪಿಕಾಸಿಗೂ ಜಗ್ಗದ ಆ ಮಣ್ಣು ನೀರು ಕುಡಿದರೆ ಬೆಣ್ಣೆಯಂತೆ ಜಾರುತ್ತದೆ. ಇಂಥ ಗುಡ್ಡವನ್ನು ಇಳಿಜಾರಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ನೆತ್ತಿಯ ಮೇಲೆ ನೀರು ತಿರುಗಿಸುವ ಕಾಲುವೆ ತೆಗೆಯಬೇಕು. ಹಾಗೆ ಕಡಿಯಲು ರಸ್ತೆಯಂಚಿನಿಂದ ಸಾಕಷ್ಟು ಅಗಲದ ಜಾಗ ಬೇಕು, ಆ ಜಾಗ ಅರಣ್ಯದ್ದಾಗಿರುತ್ತದೆ ಅಥವಾ ಯಾರದೋ ತೋಟದ್ದಾಗಿರುತ್ತದೆ. ಅರಣ್ಯದ್ದಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಎರಡು ಹಂತದ ಅನುಮತಿ ಬೇಕು. ಲಿಂಗನಮಕ್ಕಿ ಅಣೆಕಟ್ಟೆಗೆ ಊರು ಬಿಟ್ಟು ಬಂದ ಕುಟುಂಬಗಳ ಜಮೀನಾದರೆ ಹಕ್ಕುಪತ್ರದ ಪ್ರಶ್ನೆ ಅರ್ಧ ಶತಮಾನ ಕಳೆದರೂ ಪೂರ್ತಿ ಇತ್ಯರ್ಥವಾಗಿಲ್ಲ, ಪರಿಹಾರ ಯಾರಿಗೆ ಎಂಬಲ್ಲಿಯೇ ಕಡತ ನಿಲ್ಲುತ್ತದೆ. ಜಾಗ ಸಿಗದಿದ್ದಾಗ ಇದ್ದಷ್ಟರಲ್ಲೇ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿಯುತ್ತಾರೆ. ಧರೆ ಕುಸಿತವನ್ನು ನಾವು ಪ್ರಕೃತಿ ವಿಕೋಪದ ಲೆಕ್ಕಕ್ಕೆ ಬರೆಯುತ್ತೇವೆ, ಅದರಲ್ಲಿ ಅರ್ಧವಾದರೂ ಭೂಸ್ವಾಧೀನದ ಲೆಕ್ಕಕ್ಕೆ ಸೇರಬೇಕಾದದ್ದು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಬದಲಾವಣೆ ಆಗುತ್ತಿಲ್ಲವೇ? ಆಗುತ್ತಿದೆ. 2001ರಲ್ಲಿ ವಿಶ್ವಬ್ಯಾಂಕಿನ ಸಾಲದೊಂದಿಗೆ ಆರಂಭವಾದ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆ, ಅಂದರೆ ಕೆ-ಶಿಪ್, ಪುನರ್ವಸತಿ ಮತ್ತು ಪರಿಸರದ ಕೆಲಸವನ್ನು ಯೋಜನೆಯ ಭಾಗವಾಗಿಯೇ ಲೆಕ್ಕ ಹಾಕುವ ಪದ್ಧತಿಯನ್ನು ತಂದಿತು. ಮುಂದೆ ಬಂದ ಹೈಬ್ರಿಡ್ ಆ್ಯನ್ಯುಟಿ ಮಾದರಿಯಲ್ಲಿ ಸರ್ಕಾರ ವೆಚ್ಚದ ಒಂದು ಪಾಲನ್ನು, ಸಾಮಾನ್ಯವಾಗಿ ಶೇ 40ರಷ್ಟನ್ನು, ನಿರ್ಮಾಣದ ಹಂತದಲ್ಲಿ ಕೊಟ್ಟು ಉಳಿದದ್ದನ್ನು ವರ್ಷಗಳ ಕಂತಿನಲ್ಲಿ ಕೊಡುತ್ತದೆ. ರಸ್ತೆ ಕಿತ್ತುಬಂದರೆ ತೇಪೆ ಹಾಕುವ ಹೊಣೆ ಕಟ್ಟಿದವನದೇ ಆದ್ದರಿಂದ ಮೋರಿ, ಚರಂಡಿಗಳ ಮೇಲೆ ಅವನಿಗೂ ಅಕ್ಕರೆ ಹುಟ್ಟುತ್ತದೆ. ಡ್ರೋನ್ ಸಮೀಕ್ಷೆ, ಸ್ಥಳ ಗುರುತಿನ ಫೋಟೋ ಇತ್ಯಾದಿ ಬಂದಿವೆ. ಉಪಯುಕ್ತವೇ, ಆದರೆ ಕಾಲೆಂಡರಿನ ತೊಡಕನ್ನು ಅವು ಬಿಡಿಸಲಾರವು.

ತಂತ್ರಜ್ಞಾನದಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಹಳೆಯ ರಸ್ತೆಯನ್ನೇ ಯಂತ್ರದಿಂದ ಪುಡಿಮಾಡಿ, ಸಿಮೆಂಟ್ ಬೆರೆಸಿ ಅಲ್ಲೇ ಗಟ್ಟಿಮಾಡುವ ವಿಧಾನದಲ್ಲಿ. ಉತ್ತರ ಪ್ರದೇಶದ ಗ್ರಾಮ ಸಡಕ್ ರಸ್ತೆಗಳಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಕ್ವಾರಿಯಿಂದ ಜಲ್ಲಿ ತರುವ ಲಾರಿಗಳು ಕಡಿಮೆಯಾಗುತ್ತವೆ, ಒಣ ದಿನಗಳೂ ಕಡಿಮೆ ಸಾಕಾಗುತ್ತವೆ. ಆದರೆ ಬುಡದಲ್ಲಿ ಶೇಡಿ ಮಣ್ಣು ನೀರು ಹಿಡಿದು ಕೂತಿದ್ದರೆ ಇದೂ ಬಿರುಕು ಬಿಡುತ್ತದೆ. ಘಾಟಿಗಳಲ್ಲಿ ಕಾಂಕ್ರೀಟ್ ಇನ್ನೊಂದು ದಾರಿ. ಶಿರಾಡಿಯಲ್ಲಿ 2015 ಮತ್ತು 2018ರಲ್ಲಿ ರಸ್ತೆಯನ್ನು ಪೂರ್ತಿ ಮುಚ್ಚಿ ಆ ಕೆಲಸ ಮಾಡಿದರು. ಅಲ್ಲಿಯೂ 2018ರ ಜನವರಿಯಲ್ಲಿ ಮುಚ್ಚಿದ ದಾರಿ ಮತ್ತೆ ತೆರೆದದ್ದು ಜುಲೈ ಮಳೆಯಲ್ಲಿ.

ನನ್ನನ್ನು ಕೇಳಿದರೆ ಬೇಕಾದ ಸುಧಾರಣೆ ಅಷ್ಟೇನೂ ದೊಡ್ಡದಲ್ಲ. ಮಲೆನಾಡಿನ ತಾಲ್ಲೂಕುಗಳ ಟೆಂಡರುಗಳು ಮಳೆಗಾಲದಲ್ಲೇ ಮುಗಿಯಬೇಕು, ಮರ ಮತ್ತು ಕಂಬಗಳ ಕೆಲಸ ಕಾರ್ಯಾದೇಶಕ್ಕೆ ಮುಂಚೆಯೇ ಆಗಬೇಕು, ಮಾರ್ಚ್ ನಂತರ ಹೊಸದಾಗಿ ಧರೆ ಕಡಿಯುವಂತಿಲ್ಲ ಎಂಬ ಷರತ್ತು ಗುತ್ತಿಗೆಯಲ್ಲೇ ಇರಬೇಕು.

ನಿಮ್ಮ ಕೈಯಲ್ಲಿರುವ ಕೆಲಸವೂ ಒಂದಿದೆ. ಅಂದಾಜುಪಟ್ಟಿಗೆ ಅಳತೆ ತೆಗೆಯುವುದು ಸಾಮಾನ್ಯವಾಗಿ ಒಣ ದಿನಗಳಲ್ಲಿ, ಆಗ ನೀರು ಎಲ್ಲಿ ರಸ್ತೆ ದಾಟುತ್ತದೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಆರಿದ್ರಾ ಮಳೆ ಜೋರಾಗಿರುವಾಗ ನೀರು ಹರಿಯುವ ಜಾಗಗಳ ಫೋಟೋ ತೆಗೆದು, ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆಯೊಂದಿಗೆ ಲೋಕೋಪಯೋಗಿ ಉಪವಿಭಾಗದ ಕಚೇರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಾಗೆಯೇ ನಿಮ್ಮ ತೋಟದ ದಾರಿಗೆಂದು ರಸ್ತೆಯ ಚರಂಡಿಗೆ ಹಾಕಿದ ಸಣ್ಣ ಪೈಪಿದ್ದರೆ ಅದನ್ನೂ ಒಮ್ಮೆ ಬಗ್ಗಿ ನೋಡಿ. ನಮ್ಮ ಮನೆಯ ಮುಂದಿನದರಲ್ಲಿ ಕಳೆದ ವರ್ಷ ಅಡಿಕೆ ಹಾಳೆ ಸಿಕ್ಕಿಕೊಂಡು, ರಸ್ತೆಯ ಅಂಚು ಎರಡು ಮಾರು ಕೊಚ್ಚಿಹೋಗಿತ್ತು.