ಕತೆ ಕೇಳುವಷ್ಟು ಪುರುಸೊತ್ತು

1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನನ್ನು ಇವತ್ತಿಗೂ ಕಾಡುತ್ತದೆ. ನಡೆದದ್ದು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು, ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಪಕ್ಕದ ಕಟ್ಟಡಕ್ಕೆ ಕಳಿಸಿದರು. ಅಲ್ಲಿ ಹೋಗಿ ಒಂದು ಪುಟ್ಟ ಭಾಷಣ ಮಾಡಬೇಕಿತ್ತು. ಅರ್ಧ ಜನರಿಗೆ ಕೊಟ್ಟ ವಿಷಯ ಬೈಬಲಿನ ಒಳ್ಳೆಯ ಸಮಾರ್ಯದವನ ಕತೆ. ಏಟು ತಿಂದು ದಾರಿಯಲ್ಲಿ ಬಿದ್ದವನನ್ನು ಧರ್ಮಗುರು ಕಂಡೂ ಕಾಣದಂತೆ ದಾಟಿ ಹೋಗುತ್ತಾನೆ, ಬೇರೆ ಊರಿನವನೊಬ್ಬ ನಿಂತು ಎತ್ತಿಕೊಳ್ಳುತ್ತಾನೆ, ಆ ಕತೆ.

ಇವರು ಹೋಗುವ ಓಣಿಯಲ್ಲೂ ಒಬ್ಬ ಕುಸಿದು ಕೂತಿದ್ದ. ಕೆಮ್ಮುತ್ತಿದ್ದ, ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದು ಪ್ರಯೋಗ ಮಾಡುತ್ತಿದ್ದವರೇ. ‘ನಿಮಗೆ ಆಗಲೇ ತಡವಾಯಿತು, ಬೇಗ ಹೋಗಿ’ ಎಂದು ಅವಸರ ಮಾಡಿ ಕಳಿಸಿದ್ದವರಲ್ಲಿ ಶೇ 10ರಷ್ಟು ಜನ ಮಾತ್ರ ಅವನ ನೆರವಿಗೆ ಬಂದರು. ಸಮಯ ಇದೆ ಅಂದುಕೊಂಡಿದ್ದವರಲ್ಲಿ ಶೇ 63ರಷ್ಟು ಜನ ಬಂದರು. ಸಮಾರ್ಯದವನ ಕತೆ ತಲೆಯಲ್ಲಿ ಇತ್ತೋ ಇಲ್ಲವೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆಲವರಂತೂ ಆ ಕತೆಯ ಬಗ್ಗೆ ಮಾತಾಡಲು ಓಡುವ ಭರದಲ್ಲಿ ಬಿದ್ದವನನ್ನು ದಾಟಿಕೊಂಡೇ ಹೋದರು.

ಚಿಕ್ಕ ಪ್ರಯೋಗ ನಿಜ. ಆದರೆ ಅದು ಎತ್ತಿದ ಪ್ರಶ್ನೆ ದೊಡ್ಡದು. ಕತೆ ಕೇಳಿದರೆ ಮನಸ್ಸು ಮೃದುವಾಗುತ್ತದೆ ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ? ನಾನೂ ನಂಬಿದ್ದೇನೆ. ಹಾಗಾದರೆ ಇವರಿಗೆ ಆ ಕತೆ ಯಾಕೆ ನಾಟಲಿಲ್ಲ? ನನಗೆ ತೋಚುವ ಉತ್ತರ ಇದು: ಕತೆ ಒಂದೇ ಸಾಲದು, ಅದನ್ನು ಕೇಳುವ ಹೊತ್ತೂ ಬೇಕು. ಕತೆ ಹೇಳುವ ಇರುಳುಗಳು, ಧ್ಯಾನ ಶಿಬಿರಗಳು ನನಗೆ ಮುಖ್ಯ ಅನಿಸುವುದು ಇದೇ ಕಾರಣಕ್ಕೆ. ಅವು ಮೊದಲು ನಮ್ಮ ಅವಸರವನ್ನು ಹೊರಗಿಡುತ್ತವೆ.

ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ಜುಹೊವಾನ್ಸಿ ಎಂಬ ಬೇಟೆಗಾರ ಜನರಿದ್ದಾರೆ. ಮಾನವಶಾಸ್ತ್ರಜ್ಞೆ ಪಾಲಿ ವೀಸ್ನರ್ 1970ರ ದಶಕದಲ್ಲಿ ಅವರ ನಡುವೆ ಇದ್ದು, ಯಾವ ಹೊತ್ತಿನಲ್ಲಿ ಏನು ಮಾತಾಡುತ್ತಾರೆ ಎಂದು ಬರೆದಿಟ್ಟುಕೊಂಡಿದ್ದರು. 2014ರಲ್ಲಿ ಆ ಟಿಪ್ಪಣಿಗಳ ಲೆಕ್ಕ ಹೊರಬಂತು. ಹಗಲಿನ ಮಾತಿನಲ್ಲಿ ಶೇ 34ರಷ್ಟು ದೂರು, ಟೀಕೆ, ಗಾಸಿಪ್. ಇನ್ನು ಶೇ 31ರಷ್ಟು ಬೇಟೆ, ಊಟ, ಕೊಡು-ತೆಗೆದುಕೊಳ್ಳುವ ವಿಚಾರ. ಕತೆ ಬರೀ ಶೇ 6. ಕತ್ತಲಾಗಿ ಬೆಂಕಿಯ ಸುತ್ತ ಕೂತಾಗ ಲೆಕ್ಕ ಪೂರ್ತಿ ತಿರುಗಿಬಿಡುತ್ತದೆ. ಶೇ 81ರಷ್ಟು ಮಾತು ಕತೆಯೇ! ಯಾರದೋ ಮದುವೆ, ಯಾರದೋ ಪ್ರಯಾಣ, ದೂರದ ಬಿಡಾರದಲ್ಲಿರುವ ನೆಂಟರ ಸುದ್ದಿ. ಹಗಲು ಜಗಳ ಆಡಿದವರೇ ರಾತ್ರಿ ಒಟ್ಟಿಗೆ ನಗುತ್ತಾರೆ, ಕಣ್ಣೀರು ಹಾಕುತ್ತಾರೆ. ಕತ್ತಲಲ್ಲಿ ಬೇರೆ ಕೆಲಸ ಮಾಡಲು ಆಗುವುದಿಲ್ಲ ಎಂಬುದೇ ದೊಡ್ಡ ವರ. ಬೆಂಕಿ ಕೊಟ್ಟದ್ದು ಬೆಳಕು, ಬಿಸಿ ಅಷ್ಟೇ ಅಲ್ಲ. ದುಡಿಮೆಗೆ ಸಿಗದ ಒಂದಷ್ಟು ಹೊತ್ತನ್ನೂ ಕೊಟ್ಟಿತು.

ಆ ಹೊತ್ತಿನಲ್ಲಿ ಮಿದುಳಿನಲ್ಲಿ ಏನಾಗುತ್ತದೆ? 2010ರಲ್ಲಿ ಪ್ರಿನ್ಸ್‌ಟನ್‌ನ ನರವಿಜ್ಞಾನಿ ಉರಿ ಹ್ಯಾಸನ್ ಅವರ ತಂಡ ಇದನ್ನು ನೋಡಲು ಹೊರಟಿತು. ಒಬ್ಬ ವಿದ್ಯಾರ್ಥಿನಿ ಎಂಆರ್‌ಐ ಯಂತ್ರದೊಳಗೆ ಮಲಗಿ ತನ್ನ ಶಾಲಾ ದಿನಗಳ ಒಂದು ಪ್ರಸಂಗ ಹೇಳಿದಳು. ಅದನ್ನು ರೆಕಾರ್ಡ್ ಮಾಡಿ ಬೇರೆಯವರಿಗೆ ಅದೇ ಯಂತ್ರದೊಳಗೆ ಕೇಳಿಸಿದರು. ಕೇಳುಗರ ಮಿದುಳಿನ ಚಟುವಟಿಕೆ ಹೇಳುವವಳ ಚಟುವಟಿಕೆಯನ್ನೇ, ಸ್ವಲ್ಪ ತಡವಾಗಿ, ಹಿಂಬಾಲಿಸಿತು. ಕೆಲವು ಭಾಗಗಳಲ್ಲಿ ಅವಳಿಗಿಂತ ಮುಂದೆಯೂ ಓಡಿತು. ಮುಂದೇನಾಗುತ್ತದೆ ಎಂದು ಕೇಳುಗರು ಊಹಿಸುತ್ತಿದ್ದರು. ಹೊಂದಾಣಿಕೆ ಜಾಸ್ತಿ ಇದ್ದಷ್ಟೂ ಕತೆ ಚೆನ್ನಾಗಿ ಅರ್ಥವಾಗಿತ್ತು. ಗೊತ್ತಿಲ್ಲದ ರಷ್ಯನ್ ಭಾಷೆಯಲ್ಲಿ ಕತೆ ಕೇಳಿಸಿದಾಗ ಈ ಜೊತೆಯೋಟ ಕಾಣಲಿಲ್ಲ.

ಇಲ್ಲಿಗೇ ನಿಲ್ಲಿಸಿ ‘ಕತೆಯಿಂದ ಕರುಣೆ ಹುಟ್ಟುತ್ತದೆ’ ಎಂದುಬಿಡಬಹುದು. ಆದರೆ ಇನ್ನೊಬ್ಬರ ನೋವು ನಮಗೂ ನಾಟುವುದು ಬೇರೆ, ಕರುಣೆ ಬೇರೆ. ಇದನ್ನು ಬಿಡಿಸಿ ತೋರಿಸಿದ್ದು ಜರ್ಮನಿಯ ನರವಿಜ್ಞಾನಿ ತಾನಿಯಾ ಸಿಂಗರ್. ನಮ್ಮವರಿಗೆ ನೋವಾದಾಗ ನಮ್ಮ ಮಿದುಳಿನಲ್ಲೂ ನೋವಿಗೆ ಸಂಬಂಧಿಸಿದ ಕೆಲವು ಭಾಗಗಳು ಚುರುಕಾಗುತ್ತವೆ ಎಂದು ಅವರು 2004ರಲ್ಲೇ ತೋರಿಸಿದ್ದರು. ಆಮೇಲೆ ಅವರು ಮ್ಯಾಥ್ಯೂ ರಿಕಾರ್ ಜೊತೆ ಕೆಲಸ ಮಾಡಿದರು. ರಿಕಾರ್ ಫ್ರಾನ್ಸಿನವರು. ಜೀವಕೋಶ ತಳಿವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿ, ಬೌದ್ಧ ಭಿಕ್ಷುವಾಗಿ ಹಿಮಾಲಯದ ಕಡೆ ನೆಲೆಸಿದವರು.

ಯಂತ್ರದೊಳಗೆ ಮಲಗಿದ ರಿಕಾರ್‌ಗೆ ಬೇರೆಯವರ ಸಂಕಟವನ್ನು ಸುಮ್ನೆ ಅನುಭವಿಸಲು ಹೇಳಿದರು. ಹಾರೈಸುವುದು, ಒಳಿತು ಬಯಸುವುದು ಬೇಡ, ನೋವು ಮಾತ್ರ. ರೊಮೇನಿಯಾದ ಅನಾಥಾಲಯವೊಂದರ ಮಕ್ಕಳ ಸ್ಥಿತಿಯನ್ನು ಅವರು ಸಾಕ್ಷ್ಯಚಿತ್ರದಲ್ಲಿ ನೋಡಿದ್ದರು. ಆ ಮಕ್ಕಳನ್ನೇ ಮನಸ್ಸಿಗೆ ತಂದುಕೊಂಡರು. ಸ್ವಲ್ಪ ಹೊತ್ತಿನಲ್ಲೇ ಅದು ಸಹಿಸಲಾಗದಂತಾಯಿತು. ಇಷ್ಟು ವರ್ಷ ಧ್ಯಾನ ಮಾಡಿದವರೇ ಸುಸ್ತಾಗಿ ಬಸವಳಿದರು. ಆಮೇಲೆ ಕರುಣೆಯ ಧ್ಯಾನಕ್ಕೆ ಹೊರಳಿದರು. ಅದೇ ಮಕ್ಕಳು, ಅದೇ ದುಃಖ. ಆದರೆ ಈಗ ಹತ್ತಿರ ಹೋಗಬೇಕು, ನೆರವಾಗಬೇಕು ಎಂಬ ಬೆಚ್ಚನೆಯ ಬಲ ಬಂತು ಎಂದು ಅವರು ಹೇಳಿಕೊಂಡಿದ್ದಾರೆ.

ಒಬ್ಬ ಭಿಕ್ಷುವಿನ ಮಾತು ಎಲ್ಲರಿಗೂ ಅನ್ವಯಿಸುತ್ತದೆಯೇ? ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ನೋಡಿದರು. ನೋವನ್ನು ತಮ್ಮೊಳಗೆ ಬಿಟ್ಟುಕೊಳ್ಳುವ ತರಬೇತಿಯ ನಂತರ ಸಂಕಟದ ವಿಡಿಯೊ ನೋಡಿದಾಗ ಅವರ ಮನಸ್ಸು ಕುಗ್ಗಿತು. ಕರುಣೆಯ ತರಬೇತಿಯ ನಂತರ ಅದು ಚೇತರಿಸಿಕೊಂಡಿತು. ಮಿದುಳಿನಲ್ಲೂ ಬೇರೆ ಭಾಗಗಳು, ಅಕ್ಕರೆಗೆ ಮತ್ತು ಹಿತಕ್ಕೆ ಸಂಬಂಧಿಸಿದವು, ಚುರುಕಾದವು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್‌ಗಳಿಗೆ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸೊಸೆ, ಮಗಳಿಗೆ ಇದು ಎಷ್ಟು ದೊಡ್ಡ ಸಮಾಧಾನದ ಸುದ್ದಿ! ಅವರು ಬಳಲುವುದು ಕರುಣೆ ಕಡಿಮೆಯಾಗಿ ಅಲ್ಲ. ನೋವನ್ನು ಬಿಡುವಿಲ್ಲದೆ ಹೊತ್ತುಕೊಂಡು.

ಭಿಕ್ಷುಗಳಿಗೂ ವಿಜ್ಞಾನಿಗಳಿಗೂ ನಡೆದಿರುವ ಈ ಮಾತುಕತೆ ನಮ್ಮಿಂದ ದೂರದ್ದೇನಲ್ಲ. 2013ರ ಜನವರಿಯಲ್ಲಿ, ಇಂಥ ಮಾತುಕತೆಗಳನ್ನು ಏರ್ಪಡಿಸುವ ಮೈಂಡ್ ಅಂಡ್ ಲೈಫ್ ಸಂಸ್ಥೆಯ ಸಮಾವೇಶ ನಡೆದದ್ದು ಉತ್ತರ ಕನ್ನಡದ ಮುಂಡಗೋಡಿನ ದ್ರೆಪುಂಗ್ ಮಠದಲ್ಲಿ, ದಲೈ ಲಾಮಾ ಅವರ ಎದುರು.

ಸಿಂಗರ್ ಅವರ ಮುಂದಿನ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಲೈಪ್ಜಿಗ್ ಮತ್ತು ಬರ್ಲಿನ್‌ನಲ್ಲಿ ಸುಮಾರು 300 ಜನರೊಂದಿಗೆ ನಡೆದ ರಿಸೋರ್ಸ್ ಯೋಜನೆ ಅದು. ಒಟ್ಟು 9 ತಿಂಗಳು, 3 ಹಂತ. ಪ್ರತಿ ಹಂತದ ಆರಂಭಕ್ಕೆ 3 ದಿನದ ಶಿಬಿರ. ಮೊದಲನೆಯದರಲ್ಲಿ ಉಸಿರು, ಮೈ, ಗಮನ. ಇನ್ನೊಂದರಲ್ಲಿ ಅಕ್ಕರೆ, ಕೃತಜ್ಞತೆ, ಕಷ್ಟದ ಭಾವನೆಗಳು. ಮತ್ತೊಂದರಲ್ಲಿ ಬೇರೆಯವರ ಜಾಗದಲ್ಲಿ ನಿಂತು ಯೋಚಿಸುವುದು. ಈ ಕೊನೆಯ ಎರಡು ಹಂತಗಳಲ್ಲಿ ದಿನವೂ ಇಬ್ಬರು ಜೋಡಿಯಾಗಿ, ಬಹಳ ಸಲ ಫೋನಿನಲ್ಲೇ, ಸುಮಾರು 10 ನಿಮಿಷ ಅಭ್ಯಾಸ ಮಾಡಬೇಕಿತ್ತು. ಒಬ್ಬರು 5 ನಿಮಿಷ ತಮ್ಮ ದಿನದ ಒಂದು ಪ್ರಸಂಗ ಹೇಳುತ್ತಾರೆ. ಇನ್ನೊಬ್ಬರು ಬರೀ ಕೇಳುತ್ತಾರೆ. ‘ಅಯ್ಯೋ, ನನಗೂ ಹಾಗೇ ಆಗಿತ್ತು’ ಅನ್ನುವ ಹಾಗಿಲ್ಲ. ಸಲಹೆ ಕೊಡುವ ಹಾಗೂ ಇಲ್ಲ. ಆಮೇಲೆ ಅದಲು ಬದಲು. ಧ್ಯಾನವೂ ಕತೆಯೂ ಇಲ್ಲಿ ಒಂದಾಗಿವೆ.

2017ರಲ್ಲಿ ಫಲಿತಾಂಶ ಬಂತು. ತರಬೇತಿ ಪಡೆದವರನ್ನು ಮುಖ ಬಿಗಿದು ಕೂತ ತೀರ್ಪುಗಾರರ ಮುಂದೆ ನಿಲ್ಲಿಸಿ ಸಂದರ್ಶನ ಮಾಡಿದರು, ಮನಸ್ಸಿನಲ್ಲೇ ಲೆಕ್ಕ ಮಾಡಿಸಿದರು. ಮೂರೂ ಹಂತದವರು, ತರಬೇತಿ ಇಲ್ಲದವರಿಗೆ ಹೋಲಿಸಿದರೆ, ತಮಗೆ ಕಡಿಮೆ ಒತ್ತಡ ಆಯಿತು ಎಂದರು. ದೇಹ ಬೇರೆ ಸಾಕ್ಷಿ ಹೇಳಿತು. ಉಸಿರು, ಗಮನದ ಅಭ್ಯಾಸ ಮಾತ್ರ ಮಾಡಿದವರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿಯಲಿಲ್ಲ. ಜೋಡಿಯಾಗಿ ಹೇಳಿ-ಕೇಳಿದ ಹಂತಗಳ ನಂತರ ಆ ಹಾರ್ಮೋನಿನ ಏರಿಕೆ ಶೇ 51ರವರೆಗೂ ತಗ್ಗಿತ್ತು. ನಮ್ಮ ಮಾತಿಗೆ ಯಾರೂ ತೀರ್ಪು ಕೊಡುವುದಿಲ್ಲ ಎಂದು ದಿನವೂ ಅನುಭವಕ್ಕೆ ಬಂದರೆ, ತೀರ್ಪುಗಾರರ ಭಯ ಕಡಿಮೆಯಾಗುತ್ತದೆ ಎಂಬುದು ವಿಜ್ಞಾನಿಗಳ ಊಹೆ. ನನಗೂ ಅದು ಸರಿ ಅನಿಸುತ್ತದೆ.

ಪ್ರಯೋಗಾಲಯದ ಹೊರಗೂ ಇದಕ್ಕೆ ಆಧಾರ ಇದೆ. ಅಮೆರಿಕದ ಮಿಯಾಮಿಯಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ, ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಸುಮಾರು 10 ನಿಮಿಷ ಮಾತಾಡಿದರು. ವಾದ ಮಾಡಲಿಲ್ಲ. ‘ನೀವು ಬೇರೆ ಥರ ಇದ್ದೀರಿ ಅಂತ ಯಾರಾದರೂ ನಿಮ್ಮನ್ನು ಕೀಳಾಗಿ ಕಂಡದ್ದು ಉಂಟಾ?’ ಎಂಬ ಅರ್ಥದಲ್ಲಿ ಕೇಳಿ, ಉತ್ತರವನ್ನು ಸಮಾಧಾನದಿಂದ ಕೇಳಿಸಿಕೊಂಡರು. ತಮ್ಮ ಕತೆಯನ್ನೂ ಹೇಳಿದರು. ರಾಜ್ಯಶಾಸ್ತ್ರ ಸಂಶೋಧಕರಾದ ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ 2016ರಲ್ಲಿ ವರದಿ ಮಾಡಿದಂತೆ, ಇದರಿಂದ ಪೂರ್ವಗ್ರಹ ಇಳಿಯಿತು, ಕನಿಷ್ಠ 3 ತಿಂಗಳು ಆ ಬದಲಾವಣೆ ಉಳಿಯಿತು. ಕತೆಯ ಕೊಡುಕೊಳ್ಳುವಿಕೆ ತೆಗೆದು ಬರೀ ವಾದ ಉಳಿಸಿಕೊಂಡಾಗ ಪರಿಣಾಮವೇ ಕಾಣಲಿಲ್ಲ ಎಂದು ಅವರ ಮುಂದಿನ ಅಧ್ಯಯನ ಹೇಳಿತು.

ಒಂದು ಎಚ್ಚರಿಕೆ ಹೇಳಲೇಬೇಕು. ದಿನಗಟ್ಟಲೆ ಮೌನದ ಶಿಬಿರ ಎಲ್ಲರಿಗೂ ಹಿಡಿಸುವುದಿಲ್ಲ. ಕೆಲವರಿಗೆ ನಿದ್ದೆ ಕೆಡುತ್ತದೆ, ಆತಂಕ ಏರುತ್ತದೆ, ಹಳೆಯ ಆಘಾತ ಮೇಲೆದ್ದು ಬರುತ್ತದೆ. ಅಂಥವರನ್ನು ‘ಇನ್ನೂ ಸ್ವಲ್ಪ ತಡಕೊಳ್ಳಿ’ ಎಂದು ಕೂರಿಸುವುದು ತಪ್ಪು. ಮಾನಸಿಕ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳಿಯೇ ಹೋಗಬೇಕು.

ಕತೆಯ ಇರುಳುಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಮಳೆಗಾಲದ ತಾಳಮದ್ದಲೆ, ಶ್ರಾವಣದ ಪುರಾಣ, ಹರಿಕಥೆ ಎಲ್ಲ ಇವೆ. ಆದರೆ ಅಲ್ಲಿ ಹೇಳುವವರು ಬಲ್ಲವರು, ಕೇಳುವವರು ನಾವು. ಪಕ್ಕದ ಕೇರಿಯವರ ಬದುಕನ್ನು ಅವರ ಬಾಯಿಂದಲೇ ಕೇಳುವ ಜಾಗ ಕಡಿಮೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ತಿಂಗಳಿಗೊಂದು ಸಂಜೆ ಅಲ್ಲೇ ಸೇರಬಹುದು. ಸ್ಪರ್ಧೆ, ಬಹುಮಾನ ಬೇಡ, ಮೈಕ್ ಕೂಡ ಬೇಡ. ಒಬ್ಬರೋ ಇಬ್ಬರೋ ಎಲ್ಲರೆದುರು ತಮ್ಮ ಕತೆ ಹೇಳಲಿ. ಆಮೇಲೆ ಪರಿಚಯ ಇಲ್ಲದವರು ಇಬ್ಬಿಬ್ಬರಾಗಿ ಕೂತು, ತಲಾ 5 ನಿಮಿಷ ಹೇಳಲಿ, ಕೇಳಲಿ. ಈ ವಾರ ಕಷ್ಟ ಅನಿಸಿದ್ದು ಒಂದು, ಯಾರಿಗಾದರೂ ಋಣಿ ಅನಿಸಿದ್ದು ಒಂದು. ಲೈಪ್ಜಿಗ್‌ನಲ್ಲಿ ಅಕ್ಕರೆಯ ಹಂತದ ಜೋಡಿಗಳು ದಿನವೂ ಹೇಳಿಕೊಂಡದ್ದು ಹೆಚ್ಚು ಕಡಿಮೆ ಇದನ್ನೇ.