ಕಾಡಿನಲ್ಲಿ ಕಾಲು ಉಳುಕಿದರೆ ಬೀಕನ್ ಒತ್ತಬಹುದಾ?

ಪ್ರಶ್ನೆ: ನಾವು ಸಿಡ್ನಿಯಲ್ಲಿದ್ದೇವೆ. ರಜೆ ಸಿಕ್ಕಾಗ ಬ್ಲೂ ಮೌಂಟೆನ್ಸ್ ಕಡೆ ನಡೆಯಲು ಹೋಗುತ್ತೇವೆ. ಊರಿಂದ ಬಂದಿರುವ ಅಪ್ಪ-ಅಮ್ಮನೂ ಕೆಲವೊಮ್ಮೆ ಜೊತೆಗಿರುತ್ತಾರೆ. ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್, ಅಪಾಯದಲ್ಲಿ ಒತ್ತಿದರೆ ಉಪಗ್ರಹದ ಮೂಲಕ ಸಹಾಯ ಕರೆಯುವ ಸಣ್ಣ ಸಾಧನ) ತಗೊಂಡು ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಕಾಲು ಉಳುಕಿದಂಥ ಪೆಟ್ಟಿಗೂ ಅದನ್ನು ಒತ್ತಬಹುದಾ? ಪ್ರಾಣಕ್ಕೆ ಬಂದಾಗ ಮಾತ್ರ ಅಲ್ವಾ?

ಉತ್ತರ: ಒತ್ತಬಹುದು. ಕೆಲವು ಸಲ ಒತ್ತಲೇಬೇಕು. ಉಳುಕು ಸಣ್ಣದೋ ದೊಡ್ಡದೋ ಅನ್ನುವುದನ್ನು ಕಾಲೊಂದೇ ತೀರ್ಮಾನಿಸುವುದಿಲ್ಲ. ಎಲ್ಲಿ ಉಳುಕಿತು, ಎಷ್ಟು ಹೊತ್ತಿಗೆ, ಜೊತೆಗೆ ಯಾರಿದ್ದಾರೆ, ಮಳೆ ಬರುತ್ತಿದೆಯಾ, ಇವೂ ಸೇರುತ್ತವೆ. ಬ್ಲೂ ಮೌಂಟೆನ್ಸ್‌ನ ಕಟೂಂಬಾ ಊರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಅಲ್ಲಿ ಚಳಿಗಾಲವಾದ ಜುಲೈ ತಿಂಗಳ ಸಂಜೆ ನಾಲ್ಕಕ್ಕೆ, ಒದ್ದೆ ಬಟ್ಟೆಯಲ್ಲಿ, ಕಣಿವೆಯ ತಳದಲ್ಲಿ ನಡೆಯಲಾಗದೆ ಕೂತವರಿಗೆ ಕಾಲಿಗಿಂತ ಚಳಿಯೇ ದೊಡ್ಡ ಅಪಾಯ. ಬೀಕನ್ ಇರುವುದು ಗಂಭೀರ ಅಪಾಯಕ್ಕೆ ಅನ್ನುವುದು ನಿಜ. ಆದರೆ ಇದೂ ಗಂಭೀರ ಅಪಾಯವೇ.

ಮೊದಲು ಫೋನ್ ನೋಡಿ. ಸಿಗ್ನಲ್ ಇದ್ದರೆ ಆಸ್ಟ್ರೇಲಿಯಾದ ತುರ್ತು ಸಂಖ್ಯೆ 000ಗೆ ಕರೆ ಮಾಡಿ. ನಿಮ್ಮ ಸಿಮ್ ಯಾವ ಕಂಪನಿಯದಾದರೂ ಚಿಂತೆಯಿಲ್ಲ, ಅಲ್ಲಿ ಸಿಗುವ ಬೇರೆ ಕಂಪನಿಯ ಟವರ್ ಮೂಲಕವೂ ಆ ಕರೆ ಹೋಗುತ್ತದೆ. ಯಾರ ಟವರೂ ಇಲ್ಲದ ಕಡೆ ಮಾತ್ರ ಏನೂ ಆಗುವುದಿಲ್ಲ, ಬ್ಲೂ ಮೌಂಟೆನ್ಸ್‌ನಲ್ಲಿ ಅಂಥ ಕಣಿವೆಗಳು ಬೇಕಾದಷ್ಟಿವೆ. ಇನ್ನೊಂದು ವಿಷಯ. 2006ರ ಡಿಸೆಂಬರ್‌ನಲ್ಲಿ ಇಲ್ಲೇ ದಾರಿ ತಪ್ಪಿದ 17 ವರ್ಷದ ಹುಡುಗನೊಬ್ಬ 000ಗೆ ಹಲವು ಸಲ ಕರೆ ಮಾಡಿದ್ದ. ಅವನು ಕಾಡಿನಲ್ಲಿದ್ದೇನೆ ಎಂದರೂ ಆ ಕಡೆಯವರು ಯಾವ ರಸ್ತೆ ಅಂತಲೇ ಕೇಳುತ್ತಿದ್ದರು. ಹುಡುಗ ಬದುಕಿ ಬರಲಿಲ್ಲ. ಕರೆ ಸಿಕ್ಕರೆ ಸಾಲದು, ನಾವಿರುವ ಜಾಗವೂ ಅವರಿಗೆ ಗೊತ್ತಾಗಬೇಕು. ಇಂದು ‘ಎಮರ್ಜೆನ್ಸಿ ಪ್ಲಸ್’ ಅನ್ನುವ ಉಚಿತ ಆ್ಯಪ್ ಇದೆ. ಅದನ್ನು ತೆರೆದರೆ ನೀವಿರುವ ಜಾಗದ ಅಕ್ಷಾಂಶ-ರೇಖಾಂಶ ಪರದೆಯ ಮೇಲೇ ಕಾಣುತ್ತದೆ, ಓದಿ ಹೇಳಿದರಾಯಿತು. ಮನೆಯಲ್ಲಿದ್ದಾಗಲೇ ಹಾಕಿಕೊಂಡಿರಿ.

ಸಿಗ್ನಲ್ ಇಲ್ಲದಿದ್ದರೆ ಪಿಎಲ್‌ಬಿ. ಅದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುತ್ತದೆ. ಅಲ್ಲಿಂದ ಕ್ಯಾನ್‌ಬೆರಾದಲ್ಲಿರುವ ರಕ್ಷಣಾ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ. ಜೊತೆಗೇ 121.5 ಮೆಗಾಹರ್ಟ್ಸ್‌ನಲ್ಲಿ ಇನ್ನೊಂದು ಸಣ್ಣ ಸಂಕೇತ ಹೊರಡುತ್ತದೆ. ಹತ್ತಿರ ಬಂದ ಹೆಲಿಕಾಪ್ಟರ್ ಅದರ ಜಾಡು ಹಿಡಿದು ನಿಮ್ಮನ್ನು ಹುಡುಕುತ್ತದೆ. ಒಮ್ಮೆ ಒತ್ತಿದರೆ ಕನಿಷ್ಠ 24 ಗಂಟೆ ಕೆಲಸ ಮಾಡುತ್ತದೆ. ತಿಂಗಳ ಚಂದಾ ಇಲ್ಲ, ಚಾರ್ಜ್ ಮಾಡುವ ರಗಳೆಯೂ ಇಲ್ಲ. ಕೊಳ್ಳುವಾಗ ಜಿಪಿಎಸ್ ಇರುವುದನ್ನೇ ಕೊಳ್ಳಿ. ಜಿಪಿಎಸ್ ಇದ್ದರೆ ಸುಮಾರು 100 ಮೀಟರ್ ಒಳಗೆ ಜಾಗ ಸಿಗುತ್ತದೆ, ಇಲ್ಲದಿದ್ದರೆ ಕಿಲೋಮೀಟರ್‌ಗಟ್ಟಲೆ ಹುಡುಕಬೇಕಾಗುತ್ತದೆ.

ಆದರೆ ಅದಕ್ಕೆ ಆಕಾಶ ಕಾಣಬೇಕು. ಬ್ಲ್ಯಾಕ್‌ಹೀತ್ ಹತ್ತಿರದ ಗ್ರ್ಯಾಂಡ್ ಕ್ಯಾನ್ಯನ್ ದಾರಿ ನಿಮಗೆ ಗೊತ್ತಿರುತ್ತದೆ. ಅಲ್ಲಿ ಕೆಳಗಿಳಿದಾಗ ಎರಡೂ ಕಡೆ ಬಂಡೆಗೋಡೆ, ಮೇಲೆ ಜರೀಗಿಡಗಳ ನಡುವೆ ಒಂದು ಗೇಣು ಆಕಾಶ. ಅಂಥ ಕಡೆ ಸಂಕೇತ ತಲುಪುವುದು ತಡವಾಗಬಹುದು. ಪೆಟ್ಟಾದವರನ್ನು ಎಳೆದಾಡಬೇಡಿ. ಜೊತೆಗಿರುವ ಗಟ್ಟಿಗರೊಬ್ಬರು ಹತ್ತಿರದಲ್ಲೇ ಬಯಲಾದ ಜಾಗ ನೋಡಿ, ಆಂಟೆನಾ ಪೂರ್ತಿ ಬಿಚ್ಚಿ, ಮೇಲ್ಮುಖವಾಗಿ ಇಟ್ಟು ಒತ್ತಲಿ. ಆಮೇಲೆ ರಕ್ಷಣೆಯವರು ಹೇಳುವವರೆಗೆ ಆರಿಸಬಾರದು, ಆ ಜಾಗ ಬಿಟ್ಟು ದೂರ ಹೋಗಬಾರದು.

ಬ್ಲೂ ಮೌಂಟೆನ್ಸ್‌ಗೆ ಹೋಗುವುದಾದರೆ ಪಿಎಲ್‌ಬಿ ಕೊಳ್ಳುವುದೇ ಬೇಕಿಲ್ಲ. ಕಟೂಂಬಾ, ಸ್ಪ್ರಿಂಗ್‌ವುಡ್ ಪೊಲೀಸ್ ಠಾಣೆಗಳು ಮತ್ತು ಬ್ಲ್ಯಾಕ್‌ಹೀತ್‌ನ ಹೆರಿಟೇಜ್ ಸೆಂಟರ್ ಇದನ್ನು ಉಚಿತವಾಗಿ ಎರವಲು ಕೊಡುತ್ತವೆ. ಹೊರಡುವ ಮೊದಲು ಫೋನ್ ಮಾಡಿ, ಇದೆಯಾ ಕೇಳಿ. ಹೋಗುವ ದಾರಿ, ಬರುವ ಹೊತ್ತು ಬರೆದುಕೊಡುವ ಫಾರಂ ಕೂಡ ಅಲ್ಲೇ ತುಂಬಬಹುದು. ಸ್ವಂತದ್ದು ಕೊಂಡರೆ, ಕ್ಯಾನ್‌ಬೆರಾದ ಆ ರಕ್ಷಣಾ ಕೇಂದ್ರವನ್ನು ನಡೆಸುವ ಆಸ್ಟ್ರೇಲಿಯಾದ ಸಮುದ್ರ ಸುರಕ್ಷತಾ ಸಂಸ್ಥೆ ಎಎಂಎಸ್‌ಎಯಲ್ಲಿ ನೋಂದಾಯಿಸಿ. ಅದೂ ಉಚಿತ. ತುರ್ತು ಸಂಪರ್ಕಕ್ಕೆ ಗಂಡನ ನಂಬರ್ ಒಂದನ್ನೇ ಕೊಟ್ಟು, ಅದೇ ಗಂಡನ ಜೊತೆ ಕಣಿವೆಗೆ ಇಳಿದರೆ ಕೇಂದ್ರದವರ ಕರೆ ಯಾರು ಎತ್ತುತ್ತಾರೆ? ಮನೆಯಲ್ಲೇ ಉಳಿಯುವ, ನಿಮ್ಮ ದಾರಿ ಗೊತ್ತಿರುವ ಗೆಳೆಯರ ನಂಬರ್ ಕೊಡಿ.

ಐಫೋನ್ 14 ಮತ್ತು ನಂತರದ ಮಾದರಿಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು, ಆಸ್ಟ್ರೇಲಿಯಾದಲ್ಲಿ ಇದು 2023ರಿಂದ ಇದೆ. ಗಾರ್ಮಿನ್ ಇನ್‌ರೀಚ್ ಅನ್ನುವ ಉಪಗ್ರಹ ಸಾಧನದಲ್ಲಿ ಎರಡೂ ಕಡೆಯಿಂದ ಸಂದೇಶ ಓಡಾಡುತ್ತದೆ, ಆದರೆ ಅದಕ್ಕೆ ಚಂದಾ ಕಟ್ಟಬೇಕು. ‘ಕಾಲು ಮುರಿದಿದೆ, ಪ್ರಜ್ಞೆ ಇದೆ’ ಅಂತ ತಿಳಿಸಲು ಇವು ತುಂಬಾ ಒಳ್ಳೆಯವು. ಎರಡಕ್ಕೂ ಬ್ಯಾಟರಿ ಉಳಿದಿರಬೇಕು ಅಷ್ಟೆ. ಊರಿಗೆ ಬಂದಾಗ ಕುದುರೆಮುಖ ಹತ್ತೋಣ ಅಂತ ಇನ್‌ರೀಚ್ ಬ್ಯಾಗಿಗೆ ಹಾಕಿಕೊಂಡು ಮಾತ್ರ ಬರಬೇಡಿ. ಭಾರತದಲ್ಲಿ ಅನುಮತಿಯಿಲ್ಲದೆ ಉಪಗ್ರಹ ಸಂವಹನ ಸಾಧನ ಇಟ್ಟುಕೊಳ್ಳುವುದು ಅಪರಾಧ. ಇದೇ ಕಾರಣಕ್ಕೆ ಪ್ರವಾಸಿಗರನ್ನು ವಿಮಾನ ನಿಲ್ದಾಣದಲ್ಲೇ ಹಿಡಿದದ್ದಿದೆ.

ನಮ್ಮವರು ಒತ್ತಲು ಹಿಂದೇಟು ಹಾಕುವುದು ಎರಡು ಕಾರಣಕ್ಕೆ. ಒಂದು ಸಂಕೋಚ, ಇನ್ನೊಂದು ಖರ್ಚು. ಹುಡುಕಾಟಕ್ಕೆ ಎಎಂಎಸ್‌ಎ ದುಡ್ಡು ಕೇಳುವುದಿಲ್ಲ. ಆಂಬುಲೆನ್ಸ್ ಬಿಲ್ ಬೇರೆ, ಅದನ್ನು ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಕೊಡುವುದಿಲ್ಲ. ನಿಮ್ಮ ವಿಮೆಯಲ್ಲಿ ಆಂಬುಲೆನ್ಸ್ ಸೇರಿದೆಯಾ ನೋಡಿಕೊಳ್ಳಿ. ಭೇಟಿ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಮೆಡಿಕೇರೇ ಇಲ್ಲ, ಆ ವಿಷಯದಲ್ಲಿ ಭಾರತದ ಜೊತೆ ಒಪ್ಪಂದವಿಲ್ಲ. ಅವರ ವಿಮೆಯನ್ನು ಟಿಕೆಟ್ ಮಾಡಿಸುವಾಗಲೇ ಮಾಡಿಸಿ. ಸಂಕೋಚದ ಮಾತಿಗೆ ಬಂದರೆ, ಮುರಿದ ಕಾಲಿನಲ್ಲಿ ಕುಂಟುತ್ತಾ ನೂರಾರು ಮೆಟ್ಟಿಲು ಹತ್ತಿ ಬಂದವರು ಯಾರಿಗೂ ಉಪಕಾರ ಮಾಡಿದ ಹಾಗಾಗುವುದಿಲ್ಲ. ಮೂಳೆ ಜಾಗ ಬಿಟ್ಟರೆ ವಾರಗಳಲ್ಲಿ ವಾಸಿಯಾಗಬೇಕಾದ್ದು ಆಪರೇಷನ್‌ವರೆಗೂ ಹೋಗಬಹುದು. ಬೀಕನ್ ಜೊತೆಗಿದ್ದರೆ ‘ನಡೆಯುವುದು ಬೇಡ, ಕೂರೋಣ’ ಅನ್ನುವ ಧೈರ್ಯ ಬರುತ್ತದೆ. ನನ್ನ ಪ್ರಕಾರ ಅದರ ದೊಡ್ಡ ಉಪಯೋಗ ಇದೇ.

ಹಾಗಾದರೆ ತೀರ್ಮಾನ ಹೇಗೆ? ಹತ್ತು ನಿಮಿಷ ಕೂತು ಸುಧಾರಿಸಿಕೊಳ್ಳಿ. ಆಮೇಲೆ ನಾಲ್ಕು ಹೆಜ್ಜೆ ಇಡಲು ನೋಡಿ, ಕುಂಟಿದರೂ ಪರವಾಗಿಲ್ಲ. ಎಕ್ಸ್‌ರೇ ಬೇಕಾ ಅಂತ ತಿಳಿಯಲು ವೈದ್ಯರು 1992ರಿಂದ ಬಳಸುವ ಒಟ್ಟಾವಾ ನಿಯಮದಲ್ಲೂ ಈ ನಾಲ್ಕು ಹೆಜ್ಜೆಯಿದೆ. ಆಗದಿದ್ದರೆ, ಅಥವಾ ಕಾಲ್ಗಂಟಿನ ಎಲುಬಿನ ತುದಿಯನ್ನೋ ಹಿಂಬದಿಯನ್ನೋ ಒತ್ತಿದಾಗ ಜೀವ ಹೋದಂತೆ ನೋವಾದರೆ, ಮುರಿದಿರಬಹುದು ಅಂತಲೇ ಎಣಿಸಿ ಸಹಾಯ ಕರೆಯಿರಿ. ನಡೆಯಲು ಆಗುತ್ತದೆ, ಹೊರಬರುವ ದಾರಿಯೂ ಹತ್ತಿರ ಅಂದರೆ ಶೂ ಬಿಚ್ಚಬೇಡಿ. ಊದಿದ ಕಾಲು ಮತ್ತೆ ಒಳಗೆ ಹೋಗದೇ ಇರಬಹುದು. ಬೆರಳು ಮರಗಟ್ಟಿದರೆ ಲೇಸ್ ಸಡಿಲಿಸಿ.

ಮನೆಗೆ ಬಂದ ಮೇಲೆ ಅಮ್ಮ ಎಣ್ಣೆ ಬಿಸಿ ಮಾಡಿ ನೀವಲು ಕೂರುತ್ತಾರೆ. ಮೊದಲ ಎರಡು-ಮೂರು ದಿನ ಅದು ಬೇಡ. ಬಿಸಿನೀರಿನ ಶಾಖವೂ ಬೇಡ, ಊತ ಜಾಸ್ತಿಯಾಗುತ್ತದೆ. ಬ್ಯಾಂಡೇಜ್ ಸುತ್ತಿ, ದಿಂಬಿನ ಮೇಲೆ ಕಾಲಿಟ್ಟು ಮಲಗಿ. ಮೂಳೆ ಮುರಿದಿಲ್ಲ ಅಂತ ಖಾತ್ರಿಯಾದರೆ, ಆಮೇಲೆ ವಾರಗಟ್ಟಲೆ ಸುಮ್ನೆ ಮಲಗುವುದೂ ತಪ್ಪು. ನೋವು ತಡೆಯುವಷ್ಟು ಭಾರ ಹಾಕುತ್ತಾ ನಡೆದರೆ ಕೀಲಿನ ನಾರುಗಳು (ಲಿಗಮೆಂಟ್) ಬೇಗ ಗಟ್ಟಿಯಾಗುತ್ತವೆ. ಸಣ್ಣ ಉಳುಕು ಒಂದೆರಡು ವಾರಕ್ಕೆ ಸರಿಹೋಗುತ್ತದೆ, ನಾರು ಹರಿದಿದ್ದರೆ ಆರು ವಾರಕ್ಕೂ ಜಾಸ್ತಿ ಬೇಕು.

ನೋವು ಹೋದ ಕೂಡಲೇ ಬಹಳ ಜನ ಕಾಡಿಗೆ ಹೊರಡುತ್ತಾರೆ, ಅದೇ ಕಾಲು ಮತ್ತೆ ಉಳುಕುವುದು ಆಗಲೇ. ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲುವುದನ್ನು ರೂಢಿ ಮಾಡಿ, ಮೊದಲು ಬೇಸಿನ್ ಹಿಡಿದು, ಆಮೇಲೆ ಕೈಬಿಟ್ಟು. ಎರಡೂ ಕಾಲಲ್ಲಿ ಒಂದೇ ಸಮ ನಿಲ್ಲಲು ಬಂದ ಮೇಲೆ ಮನೆಯ ಮೆಟ್ಟಿಲು ಇಳಿದು ನೋಡಿ. ಕಟೂಂಬಾದ ಎಕೋ ಪಾಯಿಂಟ್‌ನಿಂದ ಕಣಿವೆಗಿಳಿಯುವ ಜೈಂಟ್ ಸ್ಟೇರ್‌ವೇನಲ್ಲಿ ಸುಮಾರು 900 ಮೆಟ್ಟಿಲುಗಳಿವೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಮೇಲಿನ ಅಂಚಿನಲ್ಲೇ ಸಾಗುವ ಪ್ರಿನ್ಸ್ ಹೆನ್ರಿ ಕ್ಲಿಫ್ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬನ್ನಿ. ಕಾಲು ನೋಯಲು ಶುರುವಾದರೆ ಅಲ್ಲಿಂದ ರಸ್ತೆಗೆ ಬರುವುದು ಸುಲಭ.